ಹಿಮದಡಿಯ ಜಮಾಖರ್ಚು: ಸೆಂಟ್ರಲ್ ಪಾರ್ಕಿನ ಜೀವಿಗಳು ಚಳಿಗಾಲವನ್ನು ದಾಟುವ ಬಗೆ

ರಾತ್ರಿಯಿಡೀ ಸುರಿದ ಹಿಮ ನಿಂತ ಮರುದಿನ ಬೆಳಿಗ್ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಹೊಕ್ಕವರಿಗೆ ಮೊದಲು ಅನುಭವಕ್ಕೆ ಬರುವುದು ಅಲ್ಲಿನ ಮೌನ. ಫಿಫ್ತ್ ಅವೆನ್ಯೂ ಕೂಗಳತೆಯಲ್ಲೇ ಇದ್ದರೂ ಅದರ ವಾಹನಗಳ ಸದ್ದು ಎಷ್ಟೋ ದೂರದಿಂದ ಬಂದಂತೆ ಕೇಳಿಸುತ್ತದೆ. ಹುಲ್ಲುಹಾಸು, ಬೆಂಚು, ಕಲ್ಲುಬಂಡೆ, ಕಾಲುದಾರಿ ಎಲ್ಲವೂ ಒಂದೇ ಬಿಳುಪಿನಲ್ಲಿ ಅಡಗಿ, ಎಲೆ ಉದುರಿದ ಎಲ್ಮ್ ಮರಗಳ ಕಪ್ಪು ಕೊಂಬೆಗಳಷ್ಟೇ ಗೆರೆ ಎಳೆದಂತೆ ಉಳಿದಿರುತ್ತವೆ. ಹಿಮವನ್ನೇ ಕಾಣದ ಊರಿನಿಂದ ಹೋದವರಿಗೆ ಇಲ್ಲಿ ಯಾವ ಜೀವವೂ ಉಳಿದಿರಲಾರದು ಎನ್ನಿಸುವುದು ಸಹಜ. ನನಗೂ ಮೊದಲ ಸಲ ಹಾಗೆಯೇ ಅನ್ನಿಸಿತ್ತು. ಆದರೆ ದಾರಿಯ ಅಂಚಿನಲ್ಲಿ ಬಗ್ಗಿ ನೋಡಿದರೆ, ಬೆಳಕು ಹರಿದು ಒಂದು ಗಂಟೆಯೂ ಆಗಿರದ ಆ ಹೊತ್ತಿನಲ್ಲಿ ಹಿಮದ ಮೇಲೆ ಎಷ್ಟೊಂದು ಓಡಾಟ ನಡೆದುಹೋಗಿದೆ ಎಂಬುದು ತಿಳಿಯುತ್ತದೆ. ಮರದಿಂದ ಮರಕ್ಕೆ ನಾಲ್ಕು ನಾಲ್ಕು ಗುರುತುಗಳ ಗುಂಪಾಗಿ ಸಾಗಿರುವುದು ಅಳಿಲಿನ ಹೆಜ್ಜೆ. ಅದು ನೆಗೆಯುವಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಊರುವುದರಿಂದ ದೊಡ್ಡ ಗುರುತುಗಳು ಮುಂದೆಯೂ ಚಿಕ್ಕವು ಹಿಂದೆಯೂ ಬೀಳುತ್ತವೆ. ಪುಟ್ಟ ಗುರುತುಗಳು ಜೋಡಿ ಜೋಡಿಯಾಗಿದ್ದರೆ ಕುಪ್ಪಳಿಸುವ ಗುಬ್ಬಿ. ಒಂದರ ಮುಂದೊಂದು ಬಿದ್ದಿದ್ದರೆ ನಡೆಯುವ ಪಾರಿವಾಳ. ನೀರಿನಂಚಿನಲ್ಲಿ ಮಗುವಿನ ಅಂಗೈ ಒತ್ತಿದಂಥ ಐದು ಬೆರಳಿನ ಗುರುತು ಕಂಡರೆ ರಾತ್ರಿ ರಕೂನ್ ಎಂಬ ಪ್ರಾಣಿ ಬಂದು ಹೋಗಿದೆ ಎಂದು ತಿಳಿಯಬಹುದು.

ಮನೆ, ಒಲೆ, ಬಟ್ಟೆ ಯಾವುದೂ ಇಲ್ಲದ ಇಷ್ಟೊಂದು ಜೀವಿಗಳು ಸೊನ್ನೆ ಡಿಗ್ರಿಗಿಂತ ಕೆಳಗಿನ ರಾತ್ರಿಗಳನ್ನು ಹೇಗೆ ಕಳೆಯುತ್ತವೆ ಎಂಬುದನ್ನು ಅರ್ಥಮಾಡಿಕೊಳ್ಳಲು ಒಂದು ಸರಳವಾದ ಲೆಕ್ಕ ಸಾಕು. ಪ್ರತಿಯೊಂದು ಜೀವಿಗೂ ಶಾಖದ ಜಮಾಖರ್ಚು ಇರುತ್ತದೆ. ತಿಂದ ಆಹಾರ ಜಮಾ. ಮೈಯಿಂದ ಗಾಳಿಗೆ, ನೀರಿಗೆ, ಹಿಮಕ್ಕೆ ಸೋರಿಹೋಗುವ ಬಿಸಿ ಖರ್ಚು. ಖರ್ಚು ಜಮೆಯನ್ನು ಮೀರದಿರುವವರೆಗೆ ಎಂಥ ಚಳಿಯೂ ಪ್ರಾಣ ತೆಗೆಯುವುದಿಲ್ಲ. ಉದ್ಯಾನದಲ್ಲಿ ಚಳಿಗಾಲದಲ್ಲಿ ನಮ್ಮ ಕಣ್ಣಿಗೆ ಬೀಳುವ ಬಹುಪಾಲು ದೃಶ್ಯಗಳು, ಉಬ್ಬಿ ಚೆಂಡಿನಂತಾದ ಹಕ್ಕಿ, ಮಂಜುಗಡ್ಡೆಯ ಮೇಲೆ ಒಂಟಿಕಾಲಿನಲ್ಲಿ ನಿಂತ ಬಾತು, ಹಿಮ ಅಗೆಯುವ ಅಳಿಲು, ಬೋಳಾಗಿ ನಿಂತ ಮರ, ಈ ಲೆಕ್ಕವನ್ನು ಸರಿದೂಗಿಸುವ ಬೇರೆ ಬೇರೆ ದಾರಿಗಳೇ ಆಗಿವೆ.

ಸ್ಥಳದ ಬಗ್ಗೆ ನಾಲ್ಕು ಮಾತು ಹೇಳಬೇಕು. ಸೆಂಟ್ರಲ್ ಪಾರ್ಕ್ 843 ಎಕರೆ ಇದೆ. ನಮ್ಮ ಲಾಲ್‌ಬಾಗಿನ ಸುಮಾರು ಮೂರೂವರೆ ಪಟ್ಟು. ಇಲ್ಲಿನ ಕಾಡು, ಕೆರೆ, ತೊರೆಗಳನ್ನು ಕಂಡು ಇದು ನಗರ ಬೆಳೆಯುವಾಗ ಉಳಿದುಕೊಂಡ ನಿಸರ್ಗದ ತುಣುಕೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಇದು ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬ ಇಬ್ಬರು 1858ರಲ್ಲಿ ಸಿದ್ಧಪಡಿಸಿದ ನಕ್ಷೆಯಂತೆ ಬಂಡೆ ಸಿಡಿಸಿ, ಜವುಗು ಬಸಿದು, ಮಣ್ಣು ತಂದು ತುಂಬಿ ಕಟ್ಟಿದ ಭೂದೃಶ್ಯ. ಇಲ್ಲಿನ ದೊಡ್ಡ ಕೆರೆಗಳೂ ತೋಡಿ ಮಾಡಿದವೇ. ಉದ್ಯಾನದ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1858ರ ಡಿಸೆಂಬರಿನಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್ ಮಾಡಲು ಜನರನ್ನು ಮೊದಲ ಬಾರಿಗೆ ಬಿಡಲಾಯಿತು. ಆದ್ದರಿಂದ ನ್ಯೂಯಾರ್ಕಿನ ಜನಕ್ಕೂ ಈ ಉದ್ಯಾನಕ್ಕೂ ನಂಟು ಬೆಸೆದದ್ದೇ ಚಳಿಗಾಲದಲ್ಲಿ ಎನ್ನಬಹುದು. ಇಲ್ಲಿನ ಹವಾಮಾನವನ್ನು 1869ರಿಂದ ಎಡೆಬಿಡದೆ ದಾಖಲಿಸಲಾಗುತ್ತಿದೆ. ಒಂದು ಚಳಿಗಾಲದಲ್ಲಿ ಸರಾಸರಿ 30 ಇಂಚಿನಷ್ಟು ಹಿಮ ಬೀಳುತ್ತದೆ. 2016ರ ಜನವರಿಯ ಒಂದೇ ಬಿರುಗಾಳಿಯಲ್ಲಿ 27.5 ಇಂಚು ಬಿದ್ದದ್ದು ಇಲ್ಲಿನ ದಾಖಲೆ.

ಹಿಮವೆಂದರೆ ತಣ್ಣನೆಯ ವಸ್ತು, ಅದು ಮುಚ್ಚಿದ ನೆಲ ಇನ್ನಷ್ಟು ತಣ್ಣಗಾಗುತ್ತದೆ ಎಂದು ನಾವು ಊಹಿಸುತ್ತೇವೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಈಗಷ್ಟೇ ಬಿದ್ದ ಹಗುರ ಹಿಮದ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬರೀ ಗಾಳಿ. ಹಿಮದ ಹರಳುಗಳು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಕುಳಿತು ಆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತವೆ, ಹಾಗೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಕುರಿಯ ತುಪ್ಪಟದಿಂದ ನೇಯ್ದ ಕಂಬಳಿ ಬೆಚ್ಚಗಿಡುವುದು ಇದೇ ಕಾರಣಕ್ಕೆ. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಎಳೆಗಳ ನಡುವಿನ ಗಾಳಿಯಿಂದ ನಮ್ಮ ಮೈಯ ಬಿಸಿಯನ್ನೇ ತಡೆದು ನಿಲ್ಲಿಸುತ್ತದೆ. ಹಿಮವೂ ಬೇಸಿಗೆಯಿಂದ ನೆಲದೊಳಗೆ ಉಳಿದ ಬಿಸಿಯನ್ನು ಹಾಗೆಯೇ ತಡೆಯುತ್ತದೆ. ಗೇಣುದ್ದದ ಹಿಮ ಕೆಲವು ದಿನ ಕರಗದೆ ನಿಂತರೆ, ಮೇಲೆ ಗಾಳಿಯ ಉಷ್ಣತೆ ಮೈನಸ್ ಹತ್ತು ಡಿಗ್ರಿಗೆ ಇಳಿದಿದ್ದರೂ ಕೆಳಗಿನ ಮಣ್ಣಿನ ಮೇಲ್ಮೈ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮಣ್ಣಿಗೂ ಹಿಮಕ್ಕೂ ನಡುವೆ ಉಂಟಾಗುವ ತೆಳುವಾದ ಸಂದಿನಲ್ಲಿ ಇಲಿಗಳು ಸುರಂಗ ಮಾಡಿಕೊಂಡು ಓಡಾಡುತ್ತವೆ. ತರಗೆಲೆಯ ನಡುವೆ ಜೇಡಗಳು, ಕೀಟಗಳ ಮೊಟ್ಟೆಗಳು, ಕೋಶ ಕಟ್ಟಿಕೊಂಡ ಹುಳಗಳು ಸುರಕ್ಷಿತವಾಗಿರುತ್ತವೆ. ಆರಂಭದಲ್ಲಿ ಹೇಳಿದ ಮೌನಕ್ಕೂ ಇದೇ ರಚನೆ ಕಾರಣ. ಹರಳುಗಳ ನಡುವಿನ ಸಾವಿರಾರು ರಂಧ್ರಗಳೊಳಗೆ ನುಗ್ಗಿದ ಶಬ್ದದ ಅಲೆಗಳು ಹಿಂತಿರುಗದೆ ಅಲ್ಲೇ ಅಡಗಿಹೋಗುತ್ತವೆ. ಎರಡು ದಿನ ಕಳೆದು ಹಿಮ ಕುಸಿದು ಗಟ್ಟಿಯಾದ ಮೇಲೆ ನಗರದ ಸದ್ದು ಮತ್ತೆ ಮರಳುತ್ತದೆ.

ನೆಲದೊಳಗೆ ಅಡಗಲಾಗದ ಹಕ್ಕಿಗಳ ಪಾಡು ಇದಕ್ಕಿಂತ ಕಷ್ಟದ್ದು. ಗಾತ್ರ ಚಿಕ್ಕದಾದಷ್ಟೂ ಬಿಸಿ ಬೇಗ ಸೋರಿಹೋಗುತ್ತದೆ ಎಂಬುದು ಊಟಕ್ಕೆ ಕುಳಿತ ಯಾರಿಗೂ ಗೊತ್ತಿರುವ ವಿಷಯ. ತಟ್ಟೆಗೆ ಬಿದ್ದ ರಾಗಿ ಮುದ್ದೆ ಬಹಳ ಹೊತ್ತು ಬಿಸಿಯಾಗಿರುತ್ತದೆ, ಅದರಿಂದ ಮುರಿದಿಟ್ಟ ತುತ್ತು ಕ್ಷಣದಲ್ಲಿ ಆರಿಹೋಗುತ್ತದೆ. ತುತ್ತಿನ ತೂಕಕ್ಕೆ ಹೋಲಿಸಿದರೆ ಗಾಳಿಗೆ ತೆರೆದ ಅದರ ಮೇಲ್ಮೈ ಹೆಚ್ಚು. ಕರಿಟೊಪ್ಪಿಗೆಯ ಚಿಕಡೀ ಎಂಬ ಹಕ್ಕಿಯ ತೂಕ ಸುಮಾರು 11 ಗ್ರಾಂ, ಅಂದರೆ ಎರಡೂವರೆ ಟೀ ಚಮಚ ಸಕ್ಕರೆಯಷ್ಟು. ಅಷ್ಟು ಪುಟ್ಟ ದೇಹದೊಳಗೆ ಅದು ಹಗಲು ಸುಮಾರು 42 ಡಿಗ್ರಿ ಉಷ್ಣತೆಯನ್ನು ಕಾಯ್ದುಕೊಳ್ಳಬೇಕು. ಕೆಲವು ಚಳಿಗಾಲಗಳಲ್ಲಿ ಈ ಹಕ್ಕಿ ಸೆಂಟ್ರಲ್ ಪಾರ್ಕಿನಲ್ಲಿ ಧಾರಾಳವಾಗಿ ಕಾಣಿಸುತ್ತದೆ, ಕೆಲವು ವರ್ಷ ಅಪರೂಪವಾಗುತ್ತದೆ. ಕಂಡ ದಿನ ಅದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಗರಿಗಳನ್ನು ನಿಮಿರಿಸಿ ಮೈಯನ್ನು ಉಬ್ಬಿಸಿಕೊಂಡಾಗ ಗರಿಗಳ ನಡುವೆ ಗಾಳಿ ತುಂಬುತ್ತದೆ. ಅದು ಹಿಮದಲ್ಲೂ ಕಂಬಳಿಯಲ್ಲೂ ನಾವು ಕಂಡ ಅದೇ ಉಪಾಯ. ಹಗಲಿಡೀ ಅದು ಒಂದು ಕ್ಷಣ ಸುಮ್ಮನಿರದೆ ತೊಗಟೆಯ ಬಿರುಕುಗಳಲ್ಲಿ ಹುಳು, ಮೊಟ್ಟೆ, ಬೀಜಗಳನ್ನು ಹುಡುಕುತ್ತದೆ. ಸಿಕ್ಕಿದ್ದೆಲ್ಲವನ್ನೂ ತಿನ್ನದೆ ಒಂದೊಂದು ಬೀಜವನ್ನು ಒಂದೊಂದು ಕಡೆ ಸಿಕ್ಕಿಸಿಟ್ಟು, ಆಮೇಲೆ ಆ ಜಾಗಗಳನ್ನು ನೆನಪಿಟ್ಟು ಹಿಂತಿರುಗುತ್ತದೆ.

ಡಿಸೆಂಬರಿನ ಕೊನೆಯಲ್ಲಿ ನ್ಯೂಯಾರ್ಕಿನ ಹಗಲು ಒಂಬತ್ತೂಕಾಲು ಗಂಟೆಯಷ್ಟೇ ಇರುತ್ತದೆ. ಉಳಿದ ಸುಮಾರು ಹದಿನೈದು ಗಂಟೆ ಈ ಹಕ್ಕಿಗೆ ಜಮಾ ಇಲ್ಲದೆ ಬರೀ ಖರ್ಚಿನ ಹೊತ್ತು. ಹಗಲು ಕೂಡಿಸಿದ ಕೊಬ್ಬು ಬೆಳಗಾಗುವಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ. ಹೀಗಾಗಿ ಅದು ಮರದ ಪೊಟರೆಯೊಳಗೆ ಸೇರಿಕೊಂಡು ತನ್ನ ಮೈಯ ಉಷ್ಣತೆಯನ್ನು ತಾನೇ ಹತ್ತು ಹನ್ನೆರಡು ಡಿಗ್ರಿ ಇಳಿಸಿಕೊಳ್ಳುತ್ತದೆ. ಹಳ್ಳಿಯ ಮನೆಗಳಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಅದೇ ಕೆಂಡವನ್ನು ಊದಿ ಬೆಂಕಿ ಮಾಡುತ್ತಿದ್ದುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬೆಂಕಿ ಆರುವುದಿಲ್ಲ, ಸೌದೆಯೂ ಸುಡುವುದಿಲ್ಲ. ಬೆಳಗಿನ ಜಾವ ಹಕ್ಕಿ ನಡುಗಿ ನಡುಗಿ, ಸ್ನಾಯುಗಳ ಆ ದುಡಿಮೆಯಿಂದ ಹುಟ್ಟುವ ಬಿಸಿಯಲ್ಲಿ ಮತ್ತೆ ಮೈಕಾಯಿಸಿಕೊಂಡು ಹೊರಬೀಳುತ್ತದೆ. ಹೀಗೆ ಹೊರಬಿದ್ದ ಹಕ್ಕಿಗೆ ಬೆಳಗಿನ ಮೊದಲ ಒಂದೆರಡು ಗಂಟೆ ಎಷ್ಟು ಅಮೂಲ್ಯವೆಂಬುದನ್ನು ತಿಳಿದವರು ಆ ಹೊತ್ತಿನಲ್ಲಿ ಪೊದೆಯ ಹತ್ತಿರ ಹೋಗಿ ಅದನ್ನು ಹಾರಿಸುವುದಿಲ್ಲ.

ನೆಲದ ಮೇಲೆ ಆಹಾರ ಹುಡುಕುವ ಹಕ್ಕಿಗಳಿಗೆ ಹಿಮ ಬೀಳುವುದೆಂದರೆ ಉಗ್ರಾಣಕ್ಕೆ ಬೀಗ ಬಿದ್ದಂತೆ. ಕೆನಡಾದ ಕಾಡುಗಳಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಬಿಳಿಗಂಟಲಿನ ಗುಬ್ಬಿ ಈ ಬೀಗವನ್ನು ತೆರೆಯುವ ಬಗೆ ನೋಡಲು ಚೆಂದ. ಅದು ಮುಂದಕ್ಕೊಮ್ಮೆ ಕುಪ್ಪಳಿಸಿ, ಎರಡೂ ಕಾಲುಗಳಿಂದ ಒಟ್ಟಿಗೇ ಹಿಂದಕ್ಕೆ ಕೆರೆಯುತ್ತದೆ. ಪೊದೆಯ ಬುಡದಲ್ಲಿ ಹಿಮ ತೆಳುವಾಗಿರುವ ಕಡೆ ಇಂಥ ಹತ್ತು ಹಕ್ಕಿಗಳು ಒಟ್ಟಿಗೆ ಕೆರೆಯತೊಡಗಿದರೆ ತರಗೆಲೆ, ಹಿಮ, ಮಣ್ಣು ಹಿಂದಕ್ಕೆ ಚಿಮ್ಮುವ ಸದ್ದು ದಾರಿಯವರೆಗೂ ಕೇಳುತ್ತದೆ. ನಮ್ಮ ಗುಬ್ಬಚ್ಚಿಯೂ ಇಲ್ಲಿದೆ, ಅದೇ ಜಾತಿ, ಅದೇ ಚಿಲಿಪಿಲಿ. 1850ರ ದಶಕದಲ್ಲಿ ಇಂಗ್ಲೆಂಡಿನಿಂದ ಬ್ರೂಕ್ಲಿನ್‌ಗೆ ತಂದು ಬಿಟ್ಟ ಹಕ್ಕಿಗಳ ಸಂತತಿ ಅದು. ಯೂರೋಪಿನ ಕಬ್ಬಕ್ಕಿಯನ್ನಂತೂ 1890ರಲ್ಲಿ ಯೂಜೀನ್ ಶೀಫೆಲಿನ್ ಎಂಬವರು ಇದೇ ಉದ್ಯಾನದಲ್ಲಿ ಸುಮಾರು 60ರ ಸಂಖ್ಯೆಯಲ್ಲಿ ಬಿಟ್ಟರು. ಇಂದು ಅದು ಉತ್ತರ ಅಮೆರಿಕ ಖಂಡದ ಉದ್ದಗಲಕ್ಕೂ ಹರಡಿದೆ.

ನೀರಿನ ಕಡೆಗೆ ಹೋಗೋಣ. ಬಹುತೇಕ ದ್ರವಗಳು ತಣ್ಣಗಾದಷ್ಟೂ ಭಾರವಾಗುತ್ತವೆ, ಆದರೆ ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿದ್ದು, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗುತ್ತದೆ. ಆದ್ದರಿಂದ 4 ಡಿಗ್ರಿಯ ನೀರು ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ, ಅದಕ್ಕಿಂತ ತಣ್ಣನೆಯ ನೀರು ಮೇಲೆ ತೇಲಿ ಹೆಪ್ಪುಗಟ್ಟುತ್ತದೆ, ಆ ಮಂಜುಗಡ್ಡೆಯೂ ತೇಲುತ್ತಾ ಕೆಳಗಿನ ನೀರಿಗೆ ಮುಚ್ಚಳವಾಗುತ್ತದೆ. ನೀರಿಗೆ ಈ ಗುಣ ಇಲ್ಲದಿದ್ದರೆ ಕೆರೆಗಳು ತಳದಿಂದಲೇ ಹೆಪ್ಪುಗಟ್ಟಿ ಒಂದು ಮೀನೂ ಉಳಿಯುತ್ತಿರಲಿಲ್ಲ. ಉದ್ಯಾನದ ಆಮೆಗಳಲ್ಲಿ ಬಹುಪಾಲು ಕೆಂಪು ಕಿವಿಯ ಸ್ಲೈಡರ್‌ಗಳು. ಸಾಕಲು ತಂದು ಬೇಸರವಾದ ಮೇಲೆ ಜನ ಇಲ್ಲಿ ಬಿಟ್ಟುಹೋದವುಗಳ ಬಳಗ ಅದು. ಚಳಿಗಾಲವನ್ನು ಅವು ಈ ಮುಚ್ಚಳದ ಕೆಳಗೆ ತಳದ ಕೆಸರಿನ ಬಳಿ ಕಳೆಯುತ್ತವೆ. ಆಮೆಗಳಿಗೆ ತಮ್ಮದೇ ಆದ ಮೈಬಿಸಿ ಇಲ್ಲದ್ದರಿಂದ ನೀರು ತಣ್ಣಗಾದಂತೆ ಅವುಗಳ ದೇಹದ ಕೆಲಸವೆಲ್ಲ ನಿಧಾನವಾಗುತ್ತದೆ, ಹೃದಯ ಎಷ್ಟೋ ಹೊತ್ತಿಗೊಮ್ಮೆ ಬಡಿಯುತ್ತದೆ. ತಿಂಗಳುಗಟ್ಟಲೆ ಮೇಲೆ ಬಂದು ಉಸಿರೆಳೆಯದೆ, ಬೇಕಾದ ಅಲ್ಪಸ್ವಲ್ಪ ಆಮ್ಲಜನಕವನ್ನು ಚರ್ಮದ ಮೂಲಕ ನೀರಿನಿಂದಲೇ ಪಡೆಯುತ್ತವೆ. ಖರ್ಚನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಡುವುದು ಅವುಗಳ ದಾರಿ.

ಆಳವಿಲ್ಲದ ಕೊಳಗಳು ಮೊದಲು ಹೆಪ್ಪುಗಟ್ಟುತ್ತವೆ. 106 ಎಕರೆ ವಿಸ್ತಾರದ, 40 ಅಡಿಯವರೆಗೂ ಆಳವಿರುವ ಜಲಾಶಯ ಕೊನೆಗೆ. ಹಾಗಾಗಿ ಚಳಿ ಬಲಿತಂತೆ ಉದ್ಯಾನದ ನೀರುಹಕ್ಕಿಗಳು ಒಂದೊಂದೇ ಕೊಳವನ್ನು ಬಿಟ್ಟು ಇಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ನಗರಕ್ಕೆ ಕುಡಿಯುವ ನೀರು ಕೊಡುತ್ತಿದ್ದ ಈ ಜಲಾಶಯ 1993ರಲ್ಲಿ ಆ ಕೆಲಸದಿಂದ ಬಿಡುಗಡೆಯಾಗಿ, ಈಗ ಮುಖ್ಯವಾಗಿ ಹಕ್ಕಿಗಳ ಆಸರೆಯಾಗಿದೆ. ಬೇಲಿಯ ಪಕ್ಕದಲ್ಲಿ ನಿಂತು ಶೊವೆಲರ್ ಬಾತುಗಳನ್ನು ನೋಡುವುದು ನನಗೆ ಇಡೀ ಚಳಿಗಾಲದ ಅತ್ಯಂತ ಪ್ರಿಯವಾದ ದೃಶ್ಯ. ಸಲಿಕೆಯಂಥ ಅಗಲ ಕೊಕ್ಕಿನ ಈ ಬಾತುಗಳು ಮುಖವನ್ನು ನೀರಿನಲ್ಲಿ ಅದ್ದಿ, ಒಂದರ ಬಾಲದ ಹಿಂದೆ ಇನ್ನೊಂದು ಬರುವಂತೆ ಗುಂಪುಕಟ್ಟಿ ಗಾಣದೆತ್ತಿನಂತೆ ಸುತ್ತತೊಡಗುತ್ತವೆ. ಹತ್ತಾರು ಕಾಲುಗಳು ಒಟ್ಟಿಗೆ ಹುಟ್ಟುಹಾಕುವುದರಿಂದ ನಡುವೆ ಸುಳಿಯೆದ್ದು, ಕೆಳಗಿದ್ದ ಸೂಕ್ಷ್ಮ ಜೀವಿಗಳು ಮೇಲೆ ಬರುತ್ತವೆ. ಪ್ರತಿಯೊಂದೂ ತನ್ನ ಮುಂದಿನದು ಕಲಕಿದ ನೀರನ್ನು ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳಿಂದ ಸೋಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಇದೇ ಜಾತಿಯ ಬಾತು ವಲಸೆ ಬರುತ್ತದೆ. ಅಲ್ಲಿಗೆ ಬರುವುದು ಏಷ್ಯಾದ ಉತ್ತರದಿಂದ, ಇಲ್ಲಿಗೆ ಬರುವುದು ಉತ್ತರ ಅಮೆರಿಕದ ಬಯಲುಗಳಿಂದ. ನಮ್ಮೂರ ಕೆರೆಯ ಏರಿಯ ಮೇಲೆ ನಿಂತು ನೋಡಿದ್ದ ಹಕ್ಕಿಯನ್ನೇ ಮಂಜುಗಡ್ಡೆಯ ನಡುವೆ ಕಂಡಾಗ ಆದ ಸಂತೋಷವನ್ನು ನಾನು ಮರೆಯಲಾರೆ.

ಮಂಜುಗಡ್ಡೆಯ ಮೇಲೆ ಬರಿಗಾಲಿನಲ್ಲಿ ನಿಂತ ಬಾತಿನ ಕಾಲು ಏಕೆ ಹೆಪ್ಪುಗಟ್ಟುವುದಿಲ್ಲ ಎಂಬ ಪ್ರಶ್ನೆ ನೋಡಿದ ಪ್ರತಿಯೊಬ್ಬರಲ್ಲೂ ಏಳುತ್ತದೆ. ಬಾತಿನ ಕಾಲಿನ ಮೇಲ್ಭಾಗದಲ್ಲಿ, ಪಾದಕ್ಕೆ ರಕ್ತ ಒಯ್ಯುವ ಅಪಧಮನಿಗಳೂ ಪಾದದಿಂದ ರಕ್ತ ತರುವ ಅಭಿಧಮನಿಗಳೂ ಒಂದಕ್ಕೊಂದು ಅಂಟಿಕೊಂಡಂತೆ ಹರಡಿರುತ್ತವೆ. ಕೆಳಗಿಳಿಯುವ ಬಿಸಿರಕ್ತ ಮೇಲೇರುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ತನ್ನ ಬಿಸಿಯನ್ನು ದಾಟಿಸಿಬಿಡುತ್ತದೆ. ಹೀಗಾಗಿ ಪಾದವನ್ನು ತಲುಪುವ ರಕ್ತ ಹೆಪ್ಪುಗಟ್ಟದಿರಲು ಬೇಕಾದಷ್ಟು ಮಾತ್ರ ಬೆಚ್ಚಗಿರುತ್ತದೆ, ಮೈಗೆ ಮರಳುವ ರಕ್ತ ಬಹುಮಟ್ಟಿಗೆ ಬಿಸಿಯಾಗಿಯೇ ಇರುತ್ತದೆ. ಮೈ ನಲವತ್ತು ಡಿಗ್ರಿಯಲ್ಲಿದ್ದರೂ ಪಾದ ಸೊನ್ನೆಗಿಂತ ಸ್ವಲ್ಪವೇ ಮೇಲಿರುತ್ತದೆ. ಪಾದಕ್ಕೂ ಮಂಜುಗಡ್ಡೆಗೂ ಉಷ್ಣತೆಯಲ್ಲಿ ಅಂತರವೇ ಇಲ್ಲದಿದ್ದರೆ ಅಲ್ಲಿ ಸೋರಿಹೋಗಲು ಶಾಖವಾದರೂ ಎಲ್ಲಿರುತ್ತದೆ? ಪಾದದಲ್ಲಿ ಸ್ನಾಯು ಕಡಿಮೆ, ಇರುವುದು ಹೆಚ್ಚಾಗಿ ಮೂಳೆ ಮತ್ತು ಸ್ನಾಯುರಜ್ಜು. ಅದನ್ನು ಆಡಿಸುವ ಸ್ನಾಯುಗಳು ಮೇಲೆ ಗರಿಗಳ ಮರೆಯಲ್ಲಿರುತ್ತವೆ. ಒಂದು ಕಾಲನ್ನು ಗರಿಗಳೊಳಗೆ ಎಳೆದುಕೊಂಡು ನಿಂತರೆ ಸೋರಿಕೆಯ ದಾರಿ ಅರ್ಧಕ್ಕೆ ಇಳಿಯಿತು.

ಅಳಿಲಿನ ವಿಷಯಕ್ಕೆ ಬಂದರೆ ಅದು ನಿದ್ದೆಯಿಂದ ಚಳಿಗಾಲವನ್ನು ಕಳೆಯುವ ಪ್ರಾಣಿಯಲ್ಲ. ಉಳಿತಾಯದಿಂದ ಕಳೆಯುವ ಪ್ರಾಣಿ. ಇಲ್ಲಿನ ಬೂದು ಅಳಿಲು ನಮ್ಮ ಮೂರು ಗೆರೆಯ ಅಳಿಲಿಗಿಂತ ಬಹಳ ದೊಡ್ಡದು. 2018ರ ಅಕ್ಟೋಬರಿನಲ್ಲಿ ನೂರಾರು ಸ್ವಯಂಸೇವಕರು ಉದ್ಯಾನವನ್ನು ಚೌಕಗಳಾಗಿ ವಿಂಗಡಿಸಿಕೊಂಡು ಎಣಿಸಿ, ಇಲ್ಲಿ 2,373 ಬೂದು ಅಳಿಲುಗಳಿವೆ ಎಂದು ಅಂದಾಜಿಸಿದರು. ಶರತ್ಕಾಲದಲ್ಲಿ ಅದು ಓಕ್ ಮರದ ಬೀಜಗಳನ್ನು ಒಂದೊಂದಾಗಿ ಬೇರೆ ಬೇರೆ ಗುಂಡಿಗಳಲ್ಲಿ ಹೂಳುತ್ತದೆ. ಒಂದೇ ಕಡೆ ರಾಶಿ ಹಾಕಿದರೆ ಒಬ್ಬ ಕಳ್ಳನಿಗೆ ಎಲ್ಲವೂ ಹೋಗುತ್ತದೆಂಬುದು ಈ ಕ್ರಮದ ಹಿಂದಿನ ಲಾಭ. ಓಕ್‌ಗಳಲ್ಲಿ ಎರಡು ಬಗೆ. ಕೆಂಪು ಓಕಿನ ಬೀಜ ವಸಂತದವರೆಗೂ ಮೊಳೆಯದೆ ಮಲಗಿರುತ್ತದೆ. ಬಿಳಿ ಓಕಿನ ಬೀಜ ಬಿದ್ದ ಕೆಲವೇ ದಿನಗಳಲ್ಲಿ ಬೇರು ಬಿಟ್ಟು, ಕೂಡಿಟ್ಟ ಹಿಟ್ಟನ್ನೆಲ್ಲ ಬೇರಿಗೆ ಸಾಗಿಸಿಬಿಡುತ್ತದೆ. ಅಳಿಲು ಈ ವ್ಯತ್ಯಾಸವನ್ನು ಬಲ್ಲದು. ಕೆಂಪು ಓಕಿನದನ್ನು ಇದ್ದಂತೆಯೇ ಹೂಳುತ್ತದೆ. ಬಿಳಿ ಓಕಿನದನ್ನು ಅಲ್ಲೇ ತಿನ್ನುತ್ತದೆ, ಇಲ್ಲವೇ ಹೂಳುವ ಮೊದಲು ಬೀಜದ ತುದಿಯಲ್ಲಿರುವ ಮೊಳಕೆಯನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತದೆ. ಮೊಳಕೆ ಹೋದ ಬೀಜ ಕೆಡದೆ ತಿಂಗಳುಗಟ್ಟಲೆ ಉಳಿಯುತ್ತದೆ. ಇನ್ನೊಂದು ಅಳಿಲು ನೋಡುತ್ತಿದ್ದರೆ ಗುಂಡಿ ತೋಡಿ, ಬೀಜವನ್ನು ಬಾಯಲ್ಲೇ ಇಟ್ಟುಕೊಂಡು, ಹೂತಂತೆ ನಟಿಸಿ ಮಣ್ಣು ಮುಚ್ಚಿ ಹೋಗುವುದೂ ಉಂಟು. ಹಿಮ ಬಿದ್ದ ಮೇಲೆ ನೆನಪು ಮತ್ತು ವಾಸನೆ ಎರಡರ ನೆರವಿನಿಂದ ಅದು ತನ್ನ ಗುಂಡಿಗಳಿಗೆ ಮರಳುತ್ತದೆ. ಹಿಮದ ಮೇಲೆ ಸಣ್ಣ ಬಾವಿಯಂಥ ತೂತು, ಸುತ್ತಲೂ ಚೆಲ್ಲಿದ ಕಂದು ಮಣ್ಣು, ಪಕ್ಕದಲ್ಲಿ ಬೀಜದ ಸಿಪ್ಪೆ ಕಂಡರೆ ಅಲ್ಲೊಂದು ಖಾತೆ ಮುಗಿದಿದೆ. ತೆರೆಯದೆ ಉಳಿದ ಗುಂಡಿಗಳಿಂದ ಮುಂದೆ ಓಕ್ ಸಸಿಗಳು ಏಳುತ್ತವೆ.

ಮರಗಳು ಎಲೆ ಉದುರಿಸುವುದೂ ಇದೇ ಬಗೆಯ ಲೆಕ್ಕಾಚಾರ. ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗುವುದಿಲ್ಲ, ಎಲೆಗಳಿದ್ದರೆ ಇರುವ ನೀರೂ ಆವಿಯಾಗಿ ಹೋಗುತ್ತದೆ. ಇದಕ್ಕಿಂತ ಕಣ್ಣಿಗೆ ಕಾಣುವ ಇನ್ನೊಂದು ಕಾರಣವನ್ನು ಸೆಂಟ್ರಲ್ ಪಾರ್ಕ್ 2011ರ ಅಕ್ಟೋಬರ್ 29ರಂದು ಕಂಡಿತು. ಅಂದು ಬಿದ್ದದ್ದು ಮೂರು ಇಂಚಿಗಿಂತಲೂ ಕಡಿಮೆ ಹಿಮ. ಆದರೆ ಮರಗಳಲ್ಲಿ ಇನ್ನೂ ಎಲೆಗಳಿದ್ದವು. ಸೊನ್ನೆಯ ಆಸುಪಾಸಿನ ಒದ್ದೆ ಹಿಮ ಒಂದೊಂದು ಎಲೆಯ ಮೇಲೂ ಅಂಟಿ ಕುಳಿತು ಕೊಂಬೆಗಳ ಮೇಲೆ ಹೊರಲಾರದಷ್ಟು ಭಾರವಾಯಿತು; ಸುಮಾರು ಸಾವಿರ ಮರಗಳು ಮುರಿದವು ಅಥವಾ ಘಾಸಿಗೊಂಡವು. ಜನವರಿಯಲ್ಲಿ ಅದರ ಎಷ್ಟೋ ಪಟ್ಟು ಹಿಮ ಬಿದ್ದರೂ ಬೋಳು ಕೊಂಬೆಗಳ ನಡುವೆ ಅದು ಜಾರಿ ಕೆಳಗೆ ಬೀಳುತ್ತದೆ. ಮಾಲ್ ಎಂದು ಕರೆಯುವ ಸಾಲುದಾರಿಯ ಎರಡೂ ಬದಿಯಲ್ಲಿ ನಿಂತಿರುವ ಅಮೆರಿಕನ್ ಎಲ್ಮ್ ಮರಗಳ ಸೊಬಗು ಪೂರ್ತಿಯಾಗಿ ಕಾಣುವುದೂ ಆಗಲೇ; ರೋಗದಿಂದ ಆ ದೇಶದ ಎಷ್ಟೋ ಊರುಗಳಲ್ಲಿ ಅಳಿದುಹೋದ ಈ ಮರಗಳ ದೊಡ್ಡ ಸಾಲುಗಳಲ್ಲಿ ಇದು ಉಳಿದಿರುವ ಕೆಲವೇ ಸಾಲುಗಳಲ್ಲೊಂದು. ಎಲೆಯಿಲ್ಲದ ಕೊಂಬೆಗಳು ತಲೆಯ ಮೇಲೆ ಕಮಾನಾಗಿ ಕೂಡಿ, ಪ್ರತಿಯೊಂದರ ಮೇಲೂ ಬೆರಳಗಲದ ಹಿಮ ಕುಳಿತಾಗ, ಬೇಸಿಗೆಯ ಹಸಿರು ಮರೆಮಾಡಿದ್ದ ಮರಗಳ ಇಡೀ ಮೈಕಟ್ಟು ಕಾಣಿಸುತ್ತದೆ.

ಗಿಡುಗ, ಗೂಬೆಗಳಿಗೂ ಬೋಳು ಮರಗಳೇ ಅನುಕೂಲ. ದೂರದವರೆಗೂ ನೋಟ ಹರಿಯುತ್ತದೆ, ಬಿಳಿ ನೆಲದ ಮೇಲೆ ಇಲಿ, ಪಾರಿವಾಳ ಎದ್ದು ಕಾಣುತ್ತವೆ. 2021ರ ಜನವರಿ 27ರಂದು ಉತ್ತರ ಭಾಗದ ಬೇಸ್‌ಬಾಲ್ ಮೈದಾನದಲ್ಲಿ ಒಂದು ಹಿಮಗೂಬೆ ಬಂದು ಕುಳಿತಿತು. ಈ ಉದ್ಯಾನದಲ್ಲಿ ಹಿಮಗೂಬೆ ಕಂಡ ದಾಖಲೆ ಅದಕ್ಕೆ ಮೊದಲು ಇದ್ದದ್ದು 1890ರದು. ಆರ್ಕ್ಟಿಕ್ ಬಯಲಿನಲ್ಲಿ ಮರಗಳೇ ಇಲ್ಲದ್ದರಿಂದ ಈ ಗೂಬೆಗೆ ಕೊಂಬೆಗಿಂತ ಬಯಲು ನೆಲವೇ ಹೆಚ್ಚು ಒಗ್ಗುತ್ತದೆ. ಕಾಗೆಗಳು ಸುತ್ತುವರಿದು ಕಾಡಿದರೂ ಅದು ಮೈದಾನದ ನಡುವೆಯೇ ಕುಳಿತಿತ್ತು. ಬೇಲಿಯಾಚೆ ನೂರಾರು ಜನ ನೆರೆದಿದ್ದರು. ನಗರದ ಜನ ಒಂದು ಹಕ್ಕಿಗಾಗಿ ಹಾಗೆ ನಿಲ್ಲುವುದು ಮನಸ್ಸು ತುಂಬಿಸುವ ವಿಷಯ. ಈ ಒಲವಿಗೆ ಇಲ್ಲಿ ಹಳೆಯ ಬೇರಿದೆ: ಹಬ್ಬದ ದಿನ ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸೋಣವೆಂದು ಪಕ್ಷಿಶಾಸ್ತ್ರಜ್ಞ ಫ್ರಾಂಕ್ ಚಾಪ್ಮನ್ 1900ರ ಕ್ರಿಸ್‌ಮಸ್ ದಿನ ಆರಂಭಿಸಿದ ಗಣತಿಯ ಮೊದಲ 25 ಸ್ಥಳಗಳಲ್ಲಿ ಸೆಂಟ್ರಲ್ ಪಾರ್ಕ್ ಕೂಡ ಒಂದು, ಆ ಗಣತಿ ಇಂದಿಗೂ ನಡೆಯುತ್ತಿದೆ.

ಆದರೆ ನಗರದ ಚಳಿಗಾಲದಲ್ಲಿ ಇಂಥ ಹಕ್ಕಿಗಳನ್ನು ಕೊಲ್ಲುವುದು ಚಳಿಯಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. 2023ರ ಫೆಬ್ರವರಿ 2ರ ರಾತ್ರಿ ಯಾರೋ ಉದ್ಯಾನದೊಳಗಿನ ಮೃಗಾಲಯದ ಜಾಲರಿಯನ್ನು ಕತ್ತರಿಸಿದ್ದರಿಂದ ಹೊರಬಂದ ಫ್ಲಾಕೊ ಎಂಬ ಯುರೇಷಿಯನ್ ಹದ್ದುಗೂಬೆ, ಹುಟ್ಟಿನಿಂದ ಪಂಜರದಲ್ಲೇ ಬೆಳೆದಿದ್ದರೂ ಕೆಲವೇ ದಿನಗಳಲ್ಲಿ ಇಲಿ ಹಿಡಿಯಲು ಕಲಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ವತಂತ್ರವಾಗಿ ಬದುಕಿತು. 2024ರ ಫೆಬ್ರವರಿ 23ರಂದು ಅದು ಒಂದು ಕಟ್ಟಡದ ಬಳಿ ಬಿದ್ದು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಪಾರಿವಾಳಗಳಿಂದ ತಗಲುವ ವೈರಸ್ ಜೊತೆಗೆ ನಾಲ್ಕು ಬಗೆಯ ಇಲಿಪಾಷಾಣ ಅದರ ದೇಹದಲ್ಲಿ ಕಂಡುಬಂತು. ಈ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಕೆಲವು ದಿನ ತೂರಾಡುತ್ತಾ ತಿರುಗುತ್ತದೆ. ಅಂಥ ಇಲಿಯೇ ಗೂಬೆಗೆ ಸುಲಭದ ತುತ್ತು. ಒಂದೊಂದು ಇಲಿಯಿಂದಲೂ ಸ್ವಲ್ಪ ಸ್ವಲ್ಪ ವಿಷ ಗೂಬೆಯ ಯಕೃತ್ತಿನಲ್ಲಿ ಸೇರುತ್ತಾ ಹೋಗುತ್ತದೆ. 2021ರ ಆಗಸ್ಟಿನಲ್ಲಿ ವಾಹನಕ್ಕೆ ಡಿಕ್ಕಿಯಾಗಿ ಸತ್ತ, ಜನಮೆಚ್ಚುಗೆಯ ಬಾರ್ಡ್ ಗೂಬೆಯೊಂದರ ದೇಹದಲ್ಲೂ ಪ್ರಾಣಾಂತಕ ಪ್ರಮಾಣದ ಇದೇ ವಿಷ ಸಿಕ್ಕಿತ್ತು.

ನೋಡಲು ಹೋದವರ ಕೈಯಲ್ಲಿರುವುದು ಚಿಕ್ಕ ವಿಷಯಗಳು, ಆದರೆ ಜಮಾಖರ್ಚಿನ ಲೆಕ್ಕದಲ್ಲಿ ಅವು ಚಿಕ್ಕವಲ್ಲ. ಫೋಟೊಗಾಗಿ ಹತ್ತಿರ ಹೋಗಿ ಹಕ್ಕಿಯನ್ನು ಒಮ್ಮೆ ಹಾರಿಸಿದರೆ, ಅದು ಗಂಟೆಗಟ್ಟಲೆ ಹುಡುಕಿ ಕೂಡಿಸಿದ ಶಕ್ತಿಯಲ್ಲಿ ಒಂದು ಪಾಲು ಹಾರಾಟಕ್ಕೆ ಹೋಗುತ್ತದೆ. ಬಾತುಗಳಿಗೆ ಬ್ರೆಡ್ ಎಸೆದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ತಿನ್ನದೆ ಉಳಿದದ್ದು ಇಲಿಗಳ ಪಾಲಾಗಿ, ಇಲಿಗಳು ಹೆಚ್ಚಿ, ಪಾಷಾಣಕ್ಕೆ ಮತ್ತೆ ಕಾರಣವಾಗುತ್ತದೆ. ದಾರಿಯ ಮೇಲಿನ ಮಂಜುಗಡ್ಡೆ ಕರಗಿಸಲು ಚೆಲ್ಲುವ ಉಪ್ಪು ಕರಗಿದ ನೀರಿನೊಡನೆ ಮಣ್ಣಿಗಿಳಿಯುತ್ತದೆ. ಉಪ್ಪಾದ ಮಣ್ಣಿನಿಂದ ಬೇರು ನೀರು ಹೀರಲಾರದೆ, ದಾರಿಬದಿಯ ಮರಗಳ ಎಲೆಯಂಚು ಮುಂದಿನ ಬೇಸಿಗೆಯಲ್ಲಿ ಸುಟ್ಟಂತೆ ಕಂದಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ಲೆಕ್ಕದ ಪುಸ್ತಕವೇ ಬದಲಾಗುತ್ತಿರುವಂತಿದೆ. 2022–23ರ ಇಡೀ ಚಳಿಗಾಲದಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 2.3 ಇಂಚು ಹಿಮ. 1869ರಿಂದ ಇಟ್ಟ ದಾಖಲೆಯಲ್ಲೇ ಇದು ಅತ್ಯಂತ ಕಡಿಮೆ. ಒಂದೇ ದಿನದಲ್ಲಿ ಒಂದು ಇಂಚಿಗಿಂತ ಹೆಚ್ಚು ಹಿಮ ಬೀಳದೆ 701 ದಿನಗಳು ಕಳೆದು, 2024ರ ಜನವರಿ 16ರಂದು ಆ ಕೊರತೆ ಮುಗಿಯಿತು. ಹಿಮ ಕಡಿಮೆಯಾದರೆ ಪ್ರಾಣಿಗಳಿಗೆ ಸುಖವೆಂದು ಹೇಳುವವರಿದ್ದಾರೆ, ನೆಲ ಕೆದಕುವ ಗುಬ್ಬಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಹೊದಿಕೆಯಿಲ್ಲದ ನೆಲದ ಮೇಲೆ ಒಂದೆರಡು ರಾತ್ರಿ ಕಡುಚಳಿ ಬಿದ್ದರೆ ಮಣ್ಣು ಹೊದಿಕೆ ಇದ್ದಾಗಿನದಕ್ಕಿಂತ ಆಳಕ್ಕೆ ಹೆಪ್ಪುಗಟ್ಟುತ್ತದೆ. ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ವಿಜ್ಞಾನಿಗಳು ಕೆಲವು ತುಂಡು ನೆಲದ ಮೇಲಿನ ಹಿಮವನ್ನು ಸಲಿಕೆಯಿಂದ ತೆಗೆದು ಪರೀಕ್ಷಿಸಿದಾಗ, ಬರಿಯ ನೆಲ ಆಳದವರೆಗೂ ಗಡ್ಡೆಕಟ್ಟಿ ಮೇಪಲ್ ಮರಗಳ ಸೂಕ್ಷ್ಮ ಬೇರುಗಳು ಸತ್ತದ್ದು ಕಂಡುಬಂತು. ಮಣ್ಣಿನ ಮೇಲ್ಪದರದಲ್ಲಿ ಮಲಗಿರುವ ಕೀಟಗಳಿಗೂ ಅದೇ ಅಪಾಯ. ಜೂನ್ ತಿಂಗಳ ಸಂಜೆ ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ಹಳದಿಯಾಗಿ ಮಿನುಗುತ್ತಾ ಮೇಲೇಳುವ ಮಿಂಚುಹುಳಗಳು ಜನವರಿಯಲ್ಲಿ ಇದೇ ಹಿಮದ ಕೆಳಗೆ, ಇದೇ ಮಣ್ಣಿನಲ್ಲಿ, ಇನ್ನೂ ರೆಕ್ಕೆ ಮೂಡದ ಮರಿಹುಳಗಳಾಗಿ ಮಲಗಿರುತ್ತವೆ.